ಹತ್ತಿ ಪಾಲಿಯೆಸ್ಟರ್ ಬೆರಕೆಯ ನೆಯ್ಗೆ ಬಟ್ಟೆಗಳು: ಸುಂಕದ ಪಟ್ಟಿಯಲ್ಲಿ ಅವುಗಳ ಸ್ಥಾನ

ಸಾಲಿಗ್ರಾಮದ ಸೀಮೆಯಲ್ಲಿ ಕಾವೇರಿಯ ನಾಲೆಗಳ ಕೆಳಗೆ ಬತ್ತವೂ, ಹುಣಸೂರು ಮತ್ತು ಪಿರಿಯಾಪಟ್ಟಣದ ಬೆದ್ದಲುಗಳಲ್ಲಿ ಹೊಗೆಸೊಪ್ಪೂ, ಹೆಗ್ಗಡದೇವನಕೋಟೆಯ ಕಡೆಗೆ ಹತ್ತಿಯೂ ಮುಖ್ಯವಾದ ಬೆಳೆಗಳಾಗಿರುವುವು. ಹೊಗೆಸೊಪ್ಪಿನ ಬೆಳೆಗಾರನಿಗೆ ತನ್ನ ಸರಕು ಹರಾಜಿನ ಕಟ್ಟೆಯಲ್ಲಿ ಯಾವ ದರ್ಜೆಗೆ ಸೇರಿತೆಂಬುದರ ಮೇಲೆ ಬೆಲೆ ನಿಂತಿದೆಯೆಂಬುದು ಚೆನ್ನಾಗಿ ತಿಳಿದಿದೆ. ಹತ್ತಿಯ ಬೆಳೆಗಾರನಾದರೋ ಬಿಡಿಸಿದ ಹತ್ತಿಯನ್ನು ತೂಗಿಕೊಟ್ಟು ಹಣವೆಣಿಸಿಕೊಂಡ ಮೇಲೆ ಅದರ ಮುಂದಿನ ಗತಿಯನ್ನು ವಿಚಾರಿಸುವುದಿಲ್ಲ. ಆದರೆ ಅವನ ಅರಳೆಯು ನೂಲಾಗಿ, ನೂಲು ಬಟ್ಟೆಯಾಗಿ, ಬಟ್ಟೆಯು ಹಡಗಿನ ರೇವಿಗೆ ಬಂದಾಗ ಅಲ್ಲಿಯೂ ಒಂದು ದರ್ಜೆಯ ನಿರ್ಣಯವು ನಡೆಯುವುದು. ಬಟ್ಟೆಯು ಹತ್ತಿಯದೋ, ಅಥವಾ ಕಾರ್ಖಾನೆಯಲ್ಲಿ ರಸಾಯನದ್ರವ್ಯಗಳಿಂದ ತೆಗೆದ ಪಾಲಿಯೆಸ್ಟರ್ ಎಳೆಯದೋ ಎಂಬುದನ್ನು ಅಲ್ಲಿ ಗೊತ್ತುಮಾಡುವರು. ಎರಡೂ ಬೆರೆತ ಬಟ್ಟೆಯೇ ಪೇಟೆಯಲ್ಲಿ ಹೇರಳವಾಗಿರುವುದರಿಂದ ಈ ನಿರ್ಣಯವು ಸುಲಭವಾದುದಲ್ಲ. ಮಿಲ್ಲಿನವನು ಎಷ್ಟು ಅರಳೆಯನ್ನು ಕೊಂಡು ಎಷ್ಟು ಕೃತಕ ಎಳೆಯನ್ನು ಬೆರಸಬೇಕೆಂದು ಲೆಕ್ಕ ಹಾಕುವಾಗ ಈ ಸುಂಕದ ಗೆರೆಯನ್ನೂ ಕಣ್ಣಮುಂದಿಟ್ಟುಕೊಂಡೇ ಹಾಕುವನು.

ಸರಕನ್ನು ಬಗೆಬಗೆಯಾಗಿ ವಿಂಗಡಿಸಿ ಸುಂಕ ಹಾಕುವ ಪದ್ಧತಿಯು ಈ ನಾಡಿಗೆ ಹೊಸದಲ್ಲ. ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಹೆಸರುಗಳು ಬರುವುವು. ಈಗಿನ ಪದ್ಧತಿಯು ಲೋಕಕ್ಕೆಲ್ಲ ಒಂದೇ ಆಗಿದೆ ಎಂಬುದಷ್ಟೇ ವಿಶೇಷ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿರುವ ಅಂತರರಾಷ್ಟ್ರೀಯ ಸುಂಕ ಸಂಸ್ಥೆಯು ಸಿದ್ಧಪಡಿಸಿದ ಹಾರ್ಮನೈಸ್ಡ್ ಸಿಸ್ಟಂ ಎಂಬ ಪಟ್ಟಿಯು ೧೯೮೮ನೆಯ ಇಸವಿ ಜನವರಿ ೧ರಿಂದ ಜಾರಿಗೆ ಬಂದಿತು. ಭಾರತವು ೧೯೭೫ರ ಸುಂಕದರಗಳ ಕಾಯಿದೆಗೆ ತಿದ್ದುಪಡಿ ಮಾಡಿ ೧೯೮೬ರಲ್ಲಿಯೇ ಇದನ್ನು ಅನುಸರಿಸತೊಡಗಿತು. ಮೊದಲ ಆರು ಅಂಕೆಗಳು ಎಲ್ಲ ದೇಶಗಳಿಗೂ ಸಮಾನವಾದುವು; ಭಾರತವು ಇನ್ನೆರಡನ್ನು ಸೇರಿಸಿ ಎಂಟು ಅಂಕೆಗಳನ್ನಾಗಿ ಮಾಡಿಕೊಂಡಿದೆ. ೨೦೧೭ರ ಜುಲೈ ೧ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಗೂ ಇದೇ ಅಂಕೆಗಳೇ ಆಧಾರ. ಗೊಬ್ಬರದ ಅಂಗಡಿಯ ರಸೀತಿಯಲ್ಲಿ ಎಚ್.ಎಸ್.ಎನ್. ಎಂಬ ಅಕ್ಷರಗಳ ಕೆಳಗೆ ಕಾಣುವ ಸಂಖ್ಯೆಯು ಇದೇ ಆಗಿದೆ.

ಒಂದೇ ಹೊಲದ ಹತ್ತಿಯು ಈ ಪಟ್ಟಿಯಲ್ಲಿ ಎಷ್ಟು ಕಡೆಗೆ ಹಂಚಿಹೋಗುವುದೆಂಬುದನ್ನು ನೋಡಿದರೆ ಪಟ್ಟಿಯ ಸ್ವಭಾವವು ತಿಳಿಯುವುದು. ಬೀಜಸಹಿತವಾದ ಹತ್ತಿಯೂ, ಬೀಜ ತೆಗೆದ ಅರಳೆಯೂ ೫೨೦೧ ಎಂಬ ಶೀರ್ಷಿಕೆಯಲ್ಲಿ ಬರುವುವು. ಬೀಜವು ಬೇರೆಯಾದೊಡನೆ ೧೨ನೆಯ ಅಧ್ಯಾಯಕ್ಕೆ ಹೋಗುವುದು; ಅದರ ಮೈಮೇಲೆ ಉಳಿದ ನವಿರಾದ ತುಪ್ಪುಳು ೧೪ನೆಯದಕ್ಕೆ; ಎಣ್ಣೆಯು ೧೫ನೆಯದಕ್ಕೆ; ದನಗಳಿಗೆ ಹಾಕುವ ಹಿಂಡಿಯು ೨೩ನೆಯದಕ್ಕೆ. ನೂಲು ಮತ್ತು ನೆಯ್ದ ಬಟ್ಟೆಗಳು ಅರಳೆಯೊಡನೆ ೫೨ನೆಯ ಅಧ್ಯಾಯದಲ್ಲಿಯೇ ಇರುವುವು. ಹೊಲಿದ ಅಂಗಿಯಾದರೆ ೬೨. ಹೊದಿಕೆ, ಟವಲು ಮುಂತಾದುವು ೬೩. ರೇಷ್ಮೆಯಿಂದ ಹಿಡಿದು ಹಳೆಯ ಚಿಂದಿಯವರೆಗೆ ೫೦ರಿಂದ ೬೩ರ ವರೆಗಿನ ಈ ಹದಿನಾಲ್ಕು ಅಧ್ಯಾಯಗಳಿಗೆ ಹನ್ನೊಂದನೆಯ ಭಾಗವೆಂದು ಹೆಸರು. ಬೆರಕೆಯ ಬಟ್ಟೆಯ ವಿಷಯದಲ್ಲಿ ನ್ಯಾಯ ತೀರ್ಮಾನಿಸುವ ಸೂತ್ರಗಳೆಲ್ಲವೂ ಈ ಭಾಗದ ತಲೆಯಲ್ಲಿ ಬರೆದಿರುವ ಟಿಪ್ಪಣಿಗಳಲ್ಲಿ ಇರುವುವು.

ಪಾಲಿಯೆಸ್ಟರ್ ಎಂಬುದು ಏನು

ಹಳ್ಳಿಗಳಲ್ಲಿ ಹಿಂದೆ ಟೆರಿಲಿನ್, ಟೆರಿಕಾಟ್ ಎಂದು ಕರೆಯುತ್ತಿದ್ದ ಬಟ್ಟೆಗಳ ಮೂಲವೇ ಇದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಒಂದು ಬಟ್ಟೆಯಚ್ಚಿನ ಸಂಘದ ಪ್ರಯೋಗಶಾಲೆಯಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ೧೯೪೧ರಲ್ಲಿ ಇದನ್ನು ಕಂಡುಹಿಡಿದರು. ಕಲ್ಲೆಣ್ಣೆಯಿಂದ ದೊರೆಯುವ ದ್ರವ್ಯಗಳನ್ನು ಕೂಡಿಸಿ, ಕರಗಿಸಿ, ಸೂಕ್ಷ್ಮವಾದ ರಂಧ್ರಗಳ ಮೂಲಕ ಒತ್ತಿ ತೆಗೆದರೆ ಶಾವಿಗೆಯಂತೆ ಕಡಿಯದ ಎಳೆಯು ಬರುವುದು. ಇದನ್ನು ಹಾಗೆಯೇ ಸುತ್ತಿದರೆ ಅಖಂಡ ಎಳೆಯ ನೂಲು. ಅದರ ಬಟ್ಟೆಗೆ ೫೪ನೆಯ ಅಧ್ಯಾಯ. ಹತ್ತಿಯ ಎಳೆಯಷ್ಟು ಉದ್ದಕ್ಕೆ ಕತ್ತರಿಸಿ, ಹತ್ತಿಯೊಡನೆ ಹಿಂಜಿ, ಅದರಂತೆಯೇ ನೂತರೆ ತುಂಡೆಳೆಯ ನೂಲು. ಇದರ ಬಟ್ಟೆಗೆ ೫೫ನೆಯ ಅಧ್ಯಾಯ. ಹತ್ತಿಯೊಡನೆ ಬೆರಸಿ ನೂಲುವುದು ಸಾಮಾನ್ಯವಾಗಿ ಈ ಎರಡನೆಯದನ್ನೇ. ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್ ಒಂದು ಪಾಲು ಹತ್ತಿಯೆಂಬ ಬೆರಕೆಯು ಬಹುಕಾಲದಿಂದ ರೂಢಿಯಲ್ಲಿದೆ. ಮುದುಡದಿರುವುದು, ಬೇಗ ಒಣಗುವುದು, ಬಹಳ ಬಾಳಿಕೆ ಬರುವುದು ಇದರ ಗುಣ; ಬೆವರನ್ನು ಹೀರದಿರುವುದು ದೋಷ. ಬಿಸಿಲಲ್ಲಿ ದುಡಿಯುವವನ ಮೈಗೆ ಇದು ಹಿತವಲ್ಲವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ತೂಕವೇ ಪ್ರಮಾಣ

ಸೂತ್ರಗಳಲ್ಲಿ ಮೊದಲನೆಯದು ಹೀಗಿದೆ: ಎರಡು ಅಥವಾ ಹೆಚ್ಚು ಬಗೆಯ ಎಳೆಗಳಿರುವ ಬಟ್ಟೆಯನ್ನು, ಅವುಗಳಲ್ಲಿ ಯಾವುದು ಬೇರೆ ಪ್ರತಿಯೊಂದಕ್ಕಿಂತಲೂ ತೂಕದಲ್ಲಿ ಹೆಚ್ಚಾಗಿದೆಯೋ ಆ ಒಂದರಿಂದಲೇ ಪೂರ್ತಿಯಾಗಿ ಮಾಡಿದ್ದೆಂದು ಭಾವಿಸತಕ್ಕದ್ದು. ಬೆಲೆಯನ್ನು ನೋಡತಕ್ಕದ್ದಲ್ಲ, ನೂಲುಗಳ ಎಣಿಕೆಯನ್ನು ನೋಡತಕ್ಕದ್ದಲ್ಲ, ವ್ಯಾಪಾರಿಯು ಇಟ್ಟ ಹೆಸರನ್ನು ಮೊದಲೇ ನೋಡತಕ್ಕದ್ದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೮೯ರಲ್ಲಿ ಈ ಪಟ್ಟಿಯು ಜಾರಿಗೆ ಬರುವ ಮುಂಚೆ, ಬೆಲೆಯಲ್ಲಿ ಯಾವ ಎಳೆ ಹೆಚ್ಚೋ ಅದರ ಬಟ್ಟೆಯೆಂದು ಎಣಿಸುವ ಕ್ರಮವಿತ್ತು. ಹತ್ತಿ ಹೆಚ್ಚಾಗಿರುವ ಬೆರಕೆಗೆ ಮಿಲ್ಲಿನವರು ಇಂದಿಗೂ ಸಿ.ವಿ.ಸಿ. ಎನ್ನುವರು, ‘ಬೆಲೆಯಲ್ಲಿ ಹತ್ತಿ ಮುಖ್ಯ’ ಎಂಬ ಆ ಹಳೆಯ ಮಾತಿನ ಮೊದಲಕ್ಷರಗಳು ಅವು. ಕ್ರಮವು ಹೋಗಿ ಹೆಸರು ಉಳಿದಿದೆ.

ಇನ್ನು ಶೀರ್ಷಿಕೆಗಳು. ಹತ್ತಿಯು ನೂರಕ್ಕೆ ೮೫ ಅಥವಾ ಹೆಚ್ಚಾಗಿದ್ದು, ಬಟ್ಟೆಯ ಒಂದು ಚದರ ಮೀಟರಿನ ತೂಕವು ೨೦೦ ಗ್ರಾಮನ್ನು ಮೀರದಿದ್ದರೆ ೫೨೦೮, ಮೀರಿದರೆ ೫೨೦೯. ಹತ್ತಿಯೇ ಹೆಚ್ಚಾಗಿದ್ದು ೮೫ಕ್ಕೆ ಕಡಿಮೆಯಾಗಿ, ಉಳಿದುದು ಮುಖ್ಯವಾಗಿ ಕೃತಕ ಎಳೆಯಾಗಿದ್ದರೆ ಹಗುರವಾದುದು ೫೨೧೦, ಭಾರವಾದುದು ೫೨೧೧. ಪಾಲಿಯೆಸ್ಟರ್ ತುಂಡೆಳೆಯು ನೂರಕ್ಕೆ ೮೫ ಅಥವಾ ಹೆಚ್ಚಾಗಿದ್ದರೆ ತೂಕದ ಭೇದವಿಲ್ಲದೆ ೫೫೧೨. ಅದೇ ಹೆಚ್ಚಾಗಿದ್ದು ೮೫ಕ್ಕೆ ಕಡಿಮೆಯಾಗಿ, ಮುಖ್ಯವಾಗಿ ಹತ್ತಿಯೊಡನೆ ಬೆರೆತಿದ್ದರೆ ಚದರ ಮೀಟರಿಗೆ ೧೭೦ ಗ್ರಾಮಿನವರೆಗೆ ೫೫೧೩; ಅದಕ್ಕೆ ಮೇಲ್ಪಟ್ಟುದು ೫೫೧೪. ಹತ್ತಿಯ ಪಕ್ಷಕ್ಕೆ ೨೦೦, ಪಾಲಿಯೆಸ್ಟರಿನ ಪಕ್ಷಕ್ಕೆ ೧೭೦ ಎಂಬ ಈ ಭೇದವನ್ನು ಮರೆಯುವವರು ಬಹಳ. ಚದರ ಮೀಟರಿಗೆ ೧೮೫ ಗ್ರಾಮಿನ ಬಟ್ಟೆಯು ಹತ್ತಿ ಹೆಚ್ಚಾಗಿದ್ದರೆ ಹಗುರವಾದುದೆಂದೂ, ಪಾಲಿಯೆಸ್ಟರ್ ಹೆಚ್ಚಾಗಿದ್ದರೆ ಭಾರವಾದುದೆಂದೂ ಎನಿಸಿಕೊಳ್ಳುವುದು. ಇದರ ಕೆಳಗಣ ಅಂಕೆಗಳು ಬಟ್ಟೆಯು ಬಿಳುಪು ಮಾಡದ್ದೋ ಮಾಡಿದ್ದೋ, ಬಣ್ಣ ಹಾಕಿದ್ದೋ, ಬಣ್ಣದ ನೂಲುಗಳಿಂದ ನೆಯ್ದದ್ದೋ, ಅಚ್ಚೊತ್ತಿದ್ದೋ, ಹಾಗೂ ಸಾದಾ ನೆಯ್ಗೆಯೋ ಓರೆಗೆರೆಯ ನೆಯ್ಗೆಯೋ ಎಂಬುದನ್ನು ಅನುಸರಿಸುವುವು. ಭಾರತದ ಪಟ್ಟಿಯ ಕೊನೆಯ ಎರಡು ಅಂಕೆಗಳಲ್ಲಿ ಧೋತರ, ಸೀರೆ, ಲುಂಗಿ ಎಂಬ ಮನೆಮಾತಿನ ಹೆಸರುಗಳೇ ಇರುವುವು.

ಹತ್ತಿ ೫೦, ಪಾಲಿಯೆಸ್ಟರ್ ೫೦ ಎಂದು ಸರಿಸಮವಾಗಿದ್ದರೆ ಹೇಗೆ? ಆಗ ಸಂಖ್ಯೆಯ ಕ್ರಮದಲ್ಲಿ ಕೊನೆಗೆ ಬರುವ ಶೀರ್ಷಿಕೆಯೇ ಗೆಲ್ಲುವುದು. ೫೨ಕ್ಕಿಂತ ೫೫ ಮುಂದಿನದಾದುದರಿಂದ ಬಟ್ಟೆಯು ಪಾಲಿಯೆಸ್ಟರಿನದಾಗುವುದು. ಸಮಪಾಲಿನ ಬೆರಕೆಯನ್ನು ಹತ್ತಿಯ ಬಟ್ಟೆಯೆಂದು ಬರೆದುಕೊಟ್ಟವನ ಬರೆವಣಿಗೆಯು ತಪ್ಪಾಗುವುದು.

ಮೂರು ಎಳೆಗಳಿದ್ದಲ್ಲಿ ವಿಷಯವು ಇನ್ನೂ ತೊಡಕಾದುದು. ನುರಿತ ವರ್ತಕರೂ ಇಲ್ಲಿ ಎಡವುವರು. ಹತ್ತಿ ೪೦, ಪಾಲಿಯೆಸ್ಟರ್ ತುಂಡೆಳೆ ೩೫, ಮರದ ತಿರುಳಿನಿಂದ ತೆಗೆದ ವಿಸ್ಕೋಸ್ ತುಂಡೆಳೆ ೨೫ ಇರುವ ಒಂದು ಬಟ್ಟೆಯಿದೆಯೆಂದು ಇಟ್ಟುಕೊಳ್ಳೋಣ. ಬಿಡಿಬಿಡಿಯಾಗಿ ನೋಡಿದರೆ ಹತ್ತಿಯೇ ದೊಡ್ಡದು. ಆದರೆ ಸೂತ್ರವು ಮೊದಲು ಅಧ್ಯಾಯವನ್ನು, ಆಮೇಲೆ ಅದರೊಳಗಿನ ಶೀರ್ಷಿಕೆಯನ್ನು ಗೊತ್ತುಮಾಡಬೇಕೆಂದು ವಿಧಿಸುವುದು. ಪಾಲಿಯೆಸ್ಟರ್ ತುಂಡೆಳೆಯೂ ವಿಸ್ಕೋಸ್ ತುಂಡೆಳೆಯೂ ಒಂದೇ ೫೫ನೆಯ ಅಧ್ಯಾಯಕ್ಕೆ ಸೇರಿದುವಾದುದರಿಂದ ಅವುಗಳನ್ನು ಕೂಡಿಸಬೇಕು, ೬೦ ಆಗುವುದು. ಹತ್ತಿಯ ೪೦ ಸೋಲುವುದು. ಬಳಿಕ ಆ ಅಧ್ಯಾಯದೊಳಗೆ ಪಾಲಿಯೆಸ್ಟರಿಗೂ ವಿಸ್ಕೋಸಿಗೂ ಹೋಲಿಸಿದರೆ ೩೫ ಹೆಚ್ಚು. ಬೆರೆತಿರುವುದು ಮುಖ್ಯವಾಗಿ ಹತ್ತಿ. ಆದುದರಿಂದ ಹಗುರವಾದ ಬಟ್ಟೆಯಾದರೆ ೫೫೧೩. ಅಖಂಡ ಎಳೆಯ ೫೪ನೆಯ ಅಧ್ಯಾಯವನ್ನೂ ತುಂಡೆಳೆಯ ೫೫ನೆಯ ಅಧ್ಯಾಯವನ್ನೂ ಬೇರೊಂದು ಅಧ್ಯಾಯದ ಎದುರಿಗೆ ಒಂದೇ ಎಂದು ಭಾವಿಸಬೇಕೆಂಬ ಉಪಸೂತ್ರವೂ ಉಂಟು. ಹಾಸಿನಲ್ಲಿ ಅಖಂಡ ಎಳೆಯನ್ನೂ ಹೊಕ್ಕಿನಲ್ಲಿ ಬೆರಕೆ ನೂಲನ್ನೂ ಹಾಕಿ ನೆಯ್ದ ಬಟ್ಟೆಗಳಿಗೆ ಇದು ತಗಲುವುದು. ಮನೆಯೊಡೆದ ಅಣ್ಣತಮ್ಮಂದಿರು ಹೊರಗಿನವನ ಮೇಲಣ ವ್ಯಾಜ್ಯದಲ್ಲಿ ಒಂದಾಗುವಂತೆ ಕೃತಕ ಎಳೆಗಳೆಲ್ಲ ಹತ್ತಿಯ ಎದುರಿಗೆ ಒಂದಾಗುವುವು.

ಪರೀಕ್ಷೆಯ ಕ್ರಮ

ಎಳೆಯನ್ನು ಗುರುತಿಸಲು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೆಂದರೆ ಬೆಂಕಿ. ಬಟ್ಟೆಯಿಂದ ಒಂದು ನೂಲನ್ನು ಹಿರಿದು ಉರಿಗೆ ಹಿಡಿದರೆ, ಹತ್ತಿಯು ಕಾಗದ ಸುಟ್ಟ ವಾಸನೆಯಿಂದ ಉರಿದು ಮೆತ್ತನೆಯ ಬೂದಿಯಾಗುವುದು. ಪಾಲಿಯೆಸ್ಟರ್ ಮುದುರಿಕೊಂಡು ಕರಗಿ, ತುದಿಯಲ್ಲಿ ಗಟ್ಟಿಯಾದ ಮಣಿಯಾಗಿ ನಿಲ್ಲುವುದು. ಬೆರಕೆಯಾದರೆ ಉರಿಯುವುದೂ ಉಂಟು, ಬೂದಿಯಲ್ಲಿ ಗಂಟುಗಳು ಉಳಿಯುವುದೂ ಉಂಟು. ಚುಂಚನಕಟ್ಟೆಯ ಜಾತ್ರೆಯಲ್ಲಿಯೋ ಸಂತೆಯಲ್ಲಿಯೋ ಅಪ್ಪಟ ಹತ್ತಿಯೆಂದು ಕೊಂಡ ಪಂಚೆಯ ನಿಜವನ್ನು ತಿಳಿಯಲು ಇಷ್ಟು ಸಾಕು. ಎಷ್ಟು ಪಾಲೆಂಬುದನ್ನು ಮಾತ್ರ ಬೆಂಕಿಯು ಹೇಳಲಾರದು.

ಅದಕ್ಕೆ ಪ್ರಯೋಗಶಾಲೆ ಬೇಕು. ಅಲ್ಲಿ ಬಟ್ಟೆಯ ಗಂಜಿಯನ್ನೂ ಜಿಡ್ಡನ್ನೂ ಮೊದಲು ತೆಗೆದು, ಒಣಗಿಸಿ ತೂಗಿ, ನೂರಕ್ಕೆ ೭೫ರ ಗಂಧಕಾಮ್ಲದಲ್ಲಿ ಹಾಕುವರು. ಹತ್ತಿಯು ಕರಗಿಹೋಗುವುದು, ಪಾಲಿಯೆಸ್ಟರ್ ಉಳಿಯುವುದು. ಉಳಿದುದನ್ನು ತೊಳೆದು ಒಣಗಿಸಿ ತೂಗಿದರೆ ಪಾಲುಗಳು ತಿಳಿಯುವುವು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಹತ್ತಿಯು ಗಾಳಿಯ ತೇವವನ್ನು ಹೀರುವುದು. ಪಾಲಿಯೆಸ್ಟರ್ ಬಹುಮಟ್ಟಿಗೆ ಹೀರುವುದಿಲ್ಲ. ವ್ಯಾಪಾರದಲ್ಲಿ ಒಣತೂಕದ ಮೇಲೆ ಹತ್ತಿಗೆ ನೂರಕ್ಕೆ ೮.೫, ಪಾಲಿಯೆಸ್ಟರಿಗೆ ೦.೪ ತೇವವನ್ನು ಕೂಡಿಸುವ ವಾಡಿಕೆಯಿದೆ. ಮೂಳೆಯಂತೆ ಒಣಗಿಸಿ ತೂಗಿದಾಗ ಹತ್ತಿ ೪೯, ಪಾಲಿಯೆಸ್ಟರ್ ೫೧ ಇರುವ ಬಟ್ಟೆಗೆ ಈ ತೇವವನ್ನು ಕೂಡಿಸಿದರೆ ಹತ್ತಿಯ ತೂಕ ೫೩.೧೭ ಆಗುವುದು, ಪಾಲಿಯೆಸ್ಟರಿನದು ೫೧.೨೦ ಆಗುವುದು. ಒಣತೂಕದಲ್ಲಿ ಸೋತ ಹತ್ತಿಯು ತೇವದ ತೂಕದಲ್ಲಿ ನೂರಕ್ಕೆ ಸುಮಾರು ೫೧ ಆಗಿ ಗೆದ್ದಿತು! ಆದುದರಿಂದ ಗೆರೆಯ ಅಂಚಿನಲ್ಲಿರುವ ಬಟ್ಟೆಯ ಪರೀಕ್ಷಾಪತ್ರದಲ್ಲಿ ಯಾವ ತೂಕದ ಮೇಲೆ ಲೆಕ್ಕ ಹಾಕಿದೆಯೆಂಬುದು ಬರೆದಿರಲೇಬೇಕು. ಹತ್ತಿಯ ನಿಗಮವು ಬೆಂಬಲ ಬೆಲೆಗೆ ಕೊಳ್ಳುವಾಗ ತೇವವು ೮ರಿಂದ ೧೨ರೊಳಗೆ ಇರಬೇಕೆಂದು ಹೇಳಿ, ೮ಕ್ಕೆ ಮೀರಿದುದಕ್ಕೆ ಬೆಲೆಯಲ್ಲಿ ಹಿಡಿಯುವುದನ್ನು ಕಂಡ ರೈತನಿಗೆ ತೇವದ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಚದರ ಮೀಟರಿನ ತೂಕವನ್ನು ಹಳ್ಳಿಯಲ್ಲಿಯೇ ಅಂದಾಜು ಮಾಡಬಹುದು. ಬಟ್ಟೆಯ ನಡುವಿನಿಂದ ಹತ್ತು ಸೆಂಟಿಮೀಟರ್ ಚೌಕದ ತುಂಡನ್ನು ಕತ್ತರಿಸಿ, ಅಕ್ಕಸಾಲೆಯ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಮುಗಳನ್ನು ನೂರರಿಂದ ಗುಣಿಸಬೇಕು. ೧.೮೫ ಗ್ರಾಮು ಬಂದರೆ ೧೮೫.

ಬೆಳೆಗಾರನಿಗೆ ಇದರಿಂದೇನು

ಸುಂಕದ ಗೆರೆಯನ್ನು ಎಳೆದ ಕಡೆಗೆ ಎಳೆಯ ಬಳಕೆಯೇ ಬದಲಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ದೊಡ್ಡ ನಿದರ್ಶನವಿದೆ. ೧೯೬೨ರಲ್ಲಿ ಶ್ರೀಮಂತ ರಾಷ್ಟ್ರಗಳು ಹೊರದೇಶಗಳ ಹತ್ತಿಯ ಬಟ್ಟೆಗೆ ಮಿತಿಯನ್ನು ಹಾಕುವ ಒಂದು ಒಪ್ಪಂದವನ್ನು ಜಾರಿಗೆ ತಂದುವು. ಅದು ಹತ್ತಿಯ ಬಟ್ಟೆಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಪೂರ್ವದೇಶಗಳ ನೆಯ್ಗೆಯವರಲ್ಲಿ ಅನೇಕರು ಕೃತಕ ಎಳೆಗೂ ಬೆರಕೆಗೂ ತಿರುಗಿದರು. ಮಿತಿಯು ಹತ್ತಿಗೆ ಬಿದ್ದಿತು, ಲಾಭವು ಪಾಲಿಯೆಸ್ಟರಿಗೆ ಆಯಿತು. ಕೊನೆಗೆ ೧೯೭೪ರ ಬಹುಎಳೆ ಒಪ್ಪಂದದಲ್ಲಿ ಉಣ್ಣೆಯನ್ನೂ ಕೃತಕ ಎಳೆಗಳನ್ನೂ ಸೇರಿಸಿದರು. ೧೯೮೬ರಲ್ಲಿ ನಾರಗಸೆ, ರೇಷ್ಮೆಯ ಬೆರಕೆ ಮುಂತಾದುವನ್ನೂ ಸೇರಿಸಬೇಕಾಯಿತು. ಈ ಮಿತಿಗಳೆಲ್ಲ ೨೦೦೪ರ ಕೊನೆಗೆ ರದ್ದಾದುವು. ಆ ನಲವತ್ತು ವರ್ಷಗಳಲ್ಲಿ ಹತ್ತಿಯು ಕಳೆದುಕೊಂಡ ಗಿರಾಕಿಗಳೆಲ್ಲರೂ ಹಿಂದಿರುಗಿ ಬರಲಿಲ್ಲ.

ಈಗಲೂ ಎಳೆಯ ಭೇದದಿಂದ ಸುಂಕದ ಭೇದವುಂಟು. ಅಮೆರಿಕದ ಪಟ್ಟಿಯಲ್ಲಿ ಗಂಡಸರ ನೆಯ್ಗೆ ಬಟ್ಟೆಯ ಸಾಮಾನ್ಯವಾದ ಹತ್ತಿಯಂಗಿಗೆ ಮೂಲದರ ನೂರಕ್ಕೆ ೧೯.೭, ಕೃತಕ ಎಳೆಯ ಅಂಗಿಗೆ ೨೫.೯, ಮತ್ತು ತೂಕದ ಮೇಲೆ ಬೇರೆ ಸುಂಕ. ೨೦೨೫ರಲ್ಲಿ ಆ ದೇಶವು ಇವುಗಳ ಮೇಲೆ ಹೇರಿದ ಹೆಚ್ಚಿನ ಸುಂಕದ ವಿಷಯವು ಬೇರೆ. ಬೆಂಗಳೂರು, ಮಂಡ್ಯ, ಮೈಸೂರುಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹಳ್ಳಿಗಳ ಹೆಣ್ಣುಮಕ್ಕಳು ಬಹುಸಂಖ್ಯೆಯಲ್ಲಿ ದುಡಿಯುತ್ತಿರುವುದರಿಂದ, ೫೧ ಹತ್ತಿಯೋ ೪೯ ಹತ್ತಿಯೋ ಎಂಬ ಪ್ರಶ್ನೆಯು ಅವರ ಮನೆಗಳಿಗೂ ಮುಟ್ಟುವುದು. ಭಾರತದಲ್ಲಿ ಒಳಬರುವ ಬಟ್ಟೆಗಳಲ್ಲಿ ಕೆಲವಕ್ಕೆ ಬೆಲೆಯ ಮೇಲೆ ಶೇಕಡಾವಾರು ಸುಂಕ ಅಥವಾ ಅಳತೆಯ ಮೇಲೆ ಗೊತ್ತಾದ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಾಕುವರು. ಶೀರ್ಷಿಕೆಯು ಬದಲಾದರೆ ಈ ಲೆಕ್ಕವೂ ಬದಲಾಗುವುದು. ಬೆರಕೆಯನ್ನು ಸುಳ್ಳಾಗಿ ಬರೆಯುವ ಆಸೆಯು ಹುಟ್ಟುವುದೇ ಇಲ್ಲಿ.

ಅರಳೆಗೆ ಸಂಬಂಧಪಟ್ಟ ಸುಂಕವು ರೈತನಿಗೆ ಇನ್ನೂ ಹತ್ತಿರವಾದುದು. ೨೦೨೧ರ ಫೆಬ್ರವರಿಯಿಂದ ಹೊರದೇಶದ ಅರಳೆಗೆ ಎಲ್ಲ ಸೇರಿ ನೂರಕ್ಕೆ ೧೧ರ ಸುಂಕವನ್ನು ವಿಧಿಸಲಾಯಿತು. ೨೦೨೪ರ ಫೆಬ್ರವರಿಯಲ್ಲಿ ೩೨ ಮಿಲಿಮೀಟರಿಗೂ ಹೆಚ್ಚು ಉದ್ದದ ಎಳೆಯ ಅರಳೆಗೆ ವಿನಾಯಿತಿಯನ್ನು ಕೊಡಲಾಯಿತು. ೨೦೨೫ರ ಆಗಸ್ಟ್ ೧೯ರಿಂದ ಎಲ್ಲ ಅರಳೆಗೂ ವಿನಾಯಿತಿಯನ್ನು ಕೊಟ್ಟು, ಸೆಪ್ಟೆಂಬರ್ ೩೦ಕ್ಕೆ ಮುಗಿಯಬೇಕಾಗಿದ್ದುದನ್ನು ಡಿಸೆಂಬರ್ ೩೧ರ ವರೆಗೆ ಬೆಳಸಲಾಯಿತು. ಮಿಲ್ಲುಗಳಿಗೆ ಇದು ಅನುಕೂಲವಾಯಿತು. ಆದರೆ ಹೊಸ ಬೆಳೆಯು ಪೇಟೆಗೆ ಬರುವ ತಿಂಗಳುಗಳೇ ಇದರೊಳಗೆ ಬಿದ್ದುವು. ೨೦೨೫–೨೬ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಾಲಿಗೆ ೭,೭೧೦ ರೂಪಾಯಿ, ಉದ್ದ ಎಳೆಯದಕ್ಕೆ ೮,೧೧೦ ರೂಪಾಯಿ ಬೆಂಬಲ ಬೆಲೆಯು ಗೊತ್ತಾಗಿರುವಾಗ, ಸುಂಕವಿಲ್ಲದ ಅರಳೆಯು ಹರಿದುಬಂದರೆ ಖಾಸಗಿ ವರ್ತಕನು ಆ ಬೆಲೆಗಿಂತ ಕೆಳಗೆ ಕೇಳುವ ಸಂಭವವಿದೆ. ಉಳಿದುದು ನಿಗಮದ ಖರೀದಿಯೊಂದೇ. ಇನ್ನೊಂದು ಕಡೆ, ಕೃತಕ ಎಳೆಗೆ ೧೮, ಅದರ ನೂಲಿಗೆ ೧೨ ಇದ್ದ ಸರಕು ಸೇವಾ ತೆರಿಗೆಯು ೨೦೨೫ರ ಸೆಪ್ಟೆಂಬರ್ ೨೨ರಿಂದ ಎರಡಕ್ಕೂ ೫ಕ್ಕೆ ಇಳಿಯಿತು. ಹತ್ತಿಯು ಮೊದಲಿನಿಂದಲೂ ೫ರಲ್ಲಿಯೇ ಇತ್ತು. ಹೀಗೆ ತೆರಿಗೆಯ ವಿಷಯದಲ್ಲಿ ಹತ್ತಿಗಿದ್ದ ಒಂದು ಮೇಲುಗೈಯು ಹೋಯಿತು.

ಬಟ್ಟೆಯ ವ್ಯಾಖ್ಯೆಯು ಬದಲಾದರೆ ಏನಾಗುವುದೆಂಬುದನ್ನು ಹುಬ್ಬಳ್ಳಿಯ ಬೆಂಗೇರಿಯವರು ಬಲ್ಲರು. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಕೈನೂಲಿನ ಖಾದಿಯಿಂದ ರಾಷ್ಟ್ರಧ್ವಜವನ್ನು ತಯಾರಿಸುತ್ತಿರುವುದು. ಅದಕ್ಕೆ ಬೇಕಾದ ಬಟ್ಟೆಯು ಬಾಗಲಕೋಟೆಯ ಕಡೆಯ ತುಳಸಿಗೇರಿಯಲ್ಲಿ ನೆಯ್ಗೆಯಾಗುವುದು. ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರಿನಿಂದಲೂ ಯಂತ್ರದಿಂದಲೂ ಧ್ವಜವನ್ನು ಮಾಡಬಹುದೆಂದು ವಿಧಿಸಲಾಯಿತು. ಮರುವರ್ಷ ಬೆಂಗೇರಿಯ ಕೆಲಸಗಾರರು ಇದನ್ನು ವಿರೋಧಿಸಿ ಪ್ರತಿಭಟಿಸಿದರು. ಅಗ್ಗದ ಧ್ವಜವು ಎಲ್ಲರ ಕೈಗೆ ಸಿಕ್ಕಿತೆಂಬುದು ನಿಜ; ಅದರಲ್ಲಿ ರೈತನ ಅರಳೆಗೂ ನೂಲುವ ಹೆಂಗಸರಿಗೂ ಪಾಲಿಲ್ಲವೆಂಬುದೂ ಅಷ್ಟೇ ನಿಜ.

ಮಾರಾಟ ಮಾಡುವವರಿಗೆ

ಹೆಗ್ಗಡದೇವನಕೋಟೆ, ಸಾಲಿಗ್ರಾಮದ ಕಡೆಯ ರೈತ ಸಂಘಗಳಾಗಲಿ ನೇಕಾರರ ಸಂಘಗಳಾಗಲಿ ಮುಂದೆ ಬಟ್ಟೆಯನ್ನು ಹೊರದೇಶಕ್ಕೆ ಕಳುಹಿಸಲು ಉದ್ದೇಶಿಸಿದರೆ, ದಲ್ಲಾಳಿಯ ಮಾತಿನ ಮೇಲೆ ಶೀರ್ಷಿಕೆಯನ್ನು ಬರೆಯತಕ್ಕದ್ದಲ್ಲ. ೧೯೬೨ರ ಸುಂಕದ ಕಾಯಿದೆಗೆ ೨೦೧೧ರಲ್ಲಿ ಮಾಡಿದ ಬದಲಾವಣೆಯಂತೆ, ಸರಕನ್ನು ಯಾವ ಶೀರ್ಷಿಕೆಗೆ ಸೇರಿದ್ದೆಂದು ಮೊದಲು ಹೇಳುವ ಹೊಣೆಯು ಕಳುಹಿಸುವವನದೇ ಆಗಿರುತ್ತದೆ. ಸುಳ್ಳು ಹೇಳಿಕೆಯೆಂದು ಕಂಡುಬಂದರೆ ಸರಕನ್ನು ವಶಪಡಿಸಿಕೊಳ್ಳುವುದಕ್ಕೂ ದಂಡ ಹಾಕುವುದಕ್ಕೂ ಅವಕಾಶವಿದೆ. ನೂಲನ್ನು ಕೊಳ್ಳುವಾಗಲೇ ಬೆರಕೆಯ ಪಾಲನ್ನು ರಸೀತಿಯಲ್ಲಿ ಬರೆಸಿಕೊಳ್ಳಬೇಕು. ನೆಯ್ದ ಪ್ರತಿಯೊಂದು ಬಗೆಯ ಬಟ್ಟೆಯಿಂದಲೂ ಒಂದು ತುಂಡನ್ನು ತೆಗೆದು, ದಿನಾಂಕವನ್ನು ಬರೆದು, ಸಂಘದ ಪೆಟ್ಟಿಗೆಯಲ್ಲಿ ಇಡಬೇಕು. ತಕರಾರು ಬಂದಾಗ ಈ ತುಂಡೇ ಸಾಕ್ಷಿ. ೧೯೬೩ರ ಕಾಯಿದೆಯ ಮೇರೆಗೆ ಏರ್ಪಟ್ಟ ಜವಳಿ ಸಮಿತಿಯ ಪ್ರಯೋಗಶಾಲೆಯು ಬೆಂಗಳೂರಿನಲ್ಲಿರುವುದರಿಂದ ಪರೀಕ್ಷೆಗಾಗಿ ದೂರ ಹೋಗಬೇಕಾದುದಿಲ್ಲ.

ಸಂದೇಹವು ಉಳಿದರೆ ಸರಕನ್ನು ಕಳುಹಿಸುವುದಕ್ಕೆ ಮುಂಚೆಯೇ ನಿರ್ಣಯವನ್ನು ಕೇಳಿ ಪಡೆಯಬಹುದು. ಇದಕ್ಕಾಗಿ ೨೦೨೧ರಿಂದ ದೆಹಲಿಯಲ್ಲಿಯೂ ಮುಂಬಯಿಯಲ್ಲಿಯೂ ಮುಂಗಡ ನಿರ್ಣಯದ ಅಧಿಕಾರಿಗಳಿರುವರು. ಅವರ ನಿರ್ಣಯವು ಅರ್ಜಿದಾರನಿಗೂ ಸುಂಕದ ಇಲಾಖೆಗೂ ಬದ್ಧವಾಗಿದ್ದು, ಕಾನೂನೂ ಸಂಗತಿಗಳೂ ಬದಲಾಗದಿದ್ದರೆ ಗೊತ್ತಾದ ಅವಧಿಯವರೆಗೆ ನಡೆಯುವುದು. ನೆರೆಯ ಸಂಘದವರು ಅದನ್ನು ತಮಗೂ ಆಯಿತೆಂದು ತೋರಿಸಲು ಬರುವುದಿಲ್ಲ. ಅರ್ಜಿಯೊಡನೆ ಬಟ್ಟೆಯ ಮಾದರಿಯನ್ನೂ, ಎಳೆಗಳ ಪಾಲು, ಚದರ ಮೀಟರಿನ ತೂಕ, ನೆಯ್ಗೆಯ ಬಗೆ, ಬಣ್ಣ ಇವುಗಳನ್ನು ತಿಳಿಸುವ ಪರೀಕ್ಷಾಪತ್ರವನ್ನೂ ಇಟ್ಟರೆ ಉತ್ತರವು ಸ್ಪಷ್ಟವಾಗಿ ಬರುವುದು.